ಮಳೆ, ಚಳಿ ಮತ್ತು ಹ್ಯಾಂಡಲ್ ಹಿಡಿದ ಕೈ: ವಾಟರ್‌ಪ್ರೂಫ್ ಗ್ಲೌಸ್ ಕೊಳ್ಳುವ ಮುನ್ನ

ಚಳಿಗಾಲದ ಮಳೆ ಹಿಡಿದುಕೊಳ್ಳುತ್ತಿದ್ದಂತೆ ಸೈಕಲ್ ತುಳಿಯುವ ಗೆಳೆಯರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ನಿಜವಾಗಿ ನೀರು ಒಳಬಿಡದ ಗ್ಲೌಸ್ ಯಾವುದು?’ ಹೀಗೆ ಕೇಳುವವರ ಹತ್ತಿರ ಆಗಲೇ ಒಂದು ಜೊತೆ ಇರುತ್ತದೆ. ಅದರ ಚೀಟಿಯ ಮೇಲೆ ವಾಟರ್‌ಪ್ರೂಫ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಆದರೂ ಮುಕ್ಕಾಲು ಗಂಟೆ ಮಳೆಯಲ್ಲಿ ಹೋದರೆ ಬೆರಳು ಒದ್ದೆ, ಒಂದೂವರೆ ಗಂಟೆಯಾದರೆ ಬೆರಳು ಕೊರಡು. ಹಣ ಕೊಟ್ಟು ಮೋಸ ಹೋದೆವಲ್ಲ ಎಂಬ ಸಿಟ್ಟು ಅವರದು.

ನನಗೂ ಆ ಸಿಟ್ಟಿತ್ತು. ಹಾಗಾಗಿ ಒಂದು ಸಂಜೆ ಬಕೆಟ್ ತುಂಬ ನೀರಿಟ್ಟುಕೊಂಡು ಕುಳಿತೆ. ಕೈಗವಸನ್ನು ಎರಡು ದಿನ ಒಣಗಿಸಿದ್ದೆ. ಐದೂ ಬೆರಳಿಗೆ ಟಿಶ್ಯೂ ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ಗ್ಲೌಸ್ ತೊಟ್ಟು, ಮಣಿಕಟ್ಟಿನ ಬಾಯಿಗೆ ನೀರು ತಾಗದ ಹಾಗೆ ಕೈಯನ್ನು ಹದಿನೈದು ನಿಮಿಷ ಅದ್ದಿದೆ. ನಡುನಡುವೆ ಬ್ರೇಕ್ ಹಿಡಿದಂತೆ ಮುಷ್ಟಿ ಮಡಿಸಿ ಬಿಚ್ಚಿದೆ. ತೆಗೆದು ನೋಡಿದರೆ ನಾಲ್ಕು ಬೆರಳ ಕಾಗದ ಒಣಗಿಯೇ ಇತ್ತು. ಹೆಬ್ಬೆರಳಿನದು ಮಾತ್ರ ಬೆವರಿಗೆ ಮೆತ್ತಗಾಗಿತ್ತು. ಆದರೆ ಹೊರಬಟ್ಟೆಯನ್ನು ಹಿಂಡಿದಾಗ ನೀರು ಧಾರೆಯಾಗಿ ಸುರಿಯಿತು. ಒಳಗಿನ ಪೊರೆ ತನ್ನ ಕೆಲಸ ಮಾಡಿತ್ತು. ದಾರಿಯಲ್ಲಿ ನನ್ನ ಕೈಯನ್ನು ಒದ್ದೆ ಮಾಡುತ್ತಿದ್ದದ್ದು ತೋಳಿನಿಂದ ಇಳಿದು ಮಣಿಕಟ್ಟಿನಲ್ಲಿ ನುಗ್ಗಿದ ಮಳೆ ಮತ್ತು ಹೊರಹೋಗಲು ದಾರಿಯಿಲ್ಲದ ಬೆವರು. ಕೈಯನ್ನು ತಣ್ಣಗೆ ಮಾಡುತ್ತಿದ್ದದ್ದು ಹೊರಬಟ್ಟೆ ಹೊತ್ತುಕೊಂಡಿದ್ದ ಆ ಧಾರೆ ನೀರು.

ಅಂದಿನಿಂದ ನಾನು ಕೈಗವಸನ್ನು ತೂಗುವ ರೀತಿಯೇ ಬದಲಾಯಿತು.

ಮೊದಲು ಅಳತೆಗೋಲು

ಸವಾರಿ ಎಷ್ಟು ಹೊತ್ತಿನದು ಎಂಬುದು ಮೊದಲನೆಯದು. ಅರ್ಧ ಗಂಟೆಯ ಮಳೆಗೆ ಸಾಕಾಗುವ ಕೈಗವಸು ಮೂರು ಗಂಟೆಯ ಮಳೆಗೆ ಏನೇನೂ ಸಾಲದು. ಎರಡನೆಯದು ಚಳಿಯ ಮಟ್ಟ. 12 ಡಿಗ್ರಿಯ ಮಳೆ ಮತ್ತು 3 ಡಿಗ್ರಿಯ ಮಳೆ ಎರಡು ಬೇರೆ ಬೇರೆ ಸಮಸ್ಯೆಗಳು, ಅವುಗಳಿಗೆ ಒಂದೇ ಪರಿಹಾರ ಹುಡುಕುವುದರಿಂದಲೇ ಅರ್ಧ ನಿರಾಸೆ ಹುಟ್ಟುತ್ತದೆ. ಮೂರನೆಯದು ಬ್ರೇಕ್ ಮತ್ತು ಗೇರಿನ ಮೇಲಿನ ಹಿಡಿತ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿಯುವುದು ಅರ್ಧ ಸೆಕೆಂಡ್ ತಡವಾದರೆ ಸೈಕಲ್ ಅಷ್ಟರಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಒದ್ದೆ ರಸ್ತೆಯಲ್ಲಿ ಆ ನಾಲ್ಕು ಮೀಟರ್ ಬಹಳ ದೊಡ್ಡದು. ಆದ್ದರಿಂದ ಬೆಚ್ಚಗಿದ್ದರೂ ಬ್ರೇಕಿನ ಸ್ಪರ್ಶವೇ ತಿಳಿಯದ ಕೈಗವಸನ್ನು ನಾನು ಯಾರಿಗೂ ಹೇಳುವುದಿಲ್ಲ.

ಇನ್ನೆರಡನ್ನು ಜನ ಅಂಗಡಿಯಲ್ಲಿ ನಿಂತಾಗ ಮರೆಯುತ್ತಾರೆ. ನಡುದಾರಿಯಲ್ಲಿ ಪಂಕ್ಚರ್ ಆಯಿತು, ಕೈಗವಸು ಕಳಚಿದಿರಿ. ಒದ್ದೆ ಕೈಯಲ್ಲಿ ಅದನ್ನು ಮತ್ತೆ ತೊಡಲು ಆಗುತ್ತದೆಯೇ? ಮತ್ತೆ, ಸಂಜೆ ನೆಂದದ್ದು ಮರುದಿನ ಬೆಳಗ್ಗೆಗೆ ಒಣಗುತ್ತದೆಯೇ? ದಿನವೂ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರಿಗೆ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ.

ಒದ್ದೆ ಕೈ ಅಷ್ಟು ಬೇಗ ಏಕೆ ಮರಗಟ್ಟುತ್ತದೆ

ನಿಂತ ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕೈಗವಸಿನ ಹತ್ತಿ ಅಥವಾ ನೂಲಿನೊಳಗಿನ ಗಾಳಿಯ ಜಾಗಕ್ಕೆ ನೀರು ಬಂದು ಕೂತರೆ ದಪ್ಪ ಎಷ್ಟಿದ್ದರೂ ಪ್ರಯೋಜನವಿಲ್ಲ. ಅದರ ಮೇಲೆ ಗಾಳಿ. ಕೆನಡಾ ಮತ್ತು ಅಮೆರಿಕದ ಹವಾಮಾನ ಇಲಾಖೆಗಳು 2001ರಲ್ಲಿ ಅಳವಡಿಸಿಕೊಂಡ ಸೂತ್ರದ ಪ್ರಕಾರ, 5 ಡಿಗ್ರಿ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆ ಡಿಗ್ರಿಯಂತೆ ತಟ್ಟುತ್ತದೆ. ಸೈಕಲ್ ಸವಾರನಿಗೆ ಆ ಗಾಳಿ ಬೀಸಬೇಕೆಂದೇ ಇಲ್ಲ, ತಾನೇ ಸೃಷ್ಟಿಸಿಕೊಳ್ಳುತ್ತಾನೆ. ಅದೂ ಒಣ ಚರ್ಮದ ಲೆಕ್ಕ.

ಇದಕ್ಕಿಂತ ದೊಡ್ಡ ಕಳ್ಳ ಆವಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಹೊರಬಟ್ಟೆ 50 ಗ್ರಾಂ ನೀರು ಹೀರಿಕೊಂಡಿದೆ ಎಂದುಕೊಳ್ಳಿ. ಅದೆಲ್ಲ ಆವಿಯಾಗಲು ಬೇಕಾಗುವ ಶಾಖದಲ್ಲಿ ಮುನ್ನೂರು ಮಿಲಿಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ಅದರಲ್ಲಿ ಒಂದು ಪಾಲು ಗಾಳಿಯಿಂದ ಬರುತ್ತದೆ, ಉಳಿದದ್ದನ್ನು ನಿಮ್ಮ ಕೈಯೇ ಕೊಡಬೇಕು. ಬೆರಳಿನ ಚರ್ಮ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಸೂಕ್ಷ್ಮ ಕೆಲಸ ಕೈಗೆಟುಕದಾಗುತ್ತದೆ. ಗೇರು ಬದಲಿಸಲು ಹೆಬ್ಬೆರಳು ಮಾತು ಕೇಳದ ಹೊತ್ತು ಅದೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎದೆ, ಹೊಟ್ಟೆ ತಣ್ಣಗಾದರೆ ದೇಹ ಮೊದಲು ಕೈಕಾಲಿನ ರಕ್ತನಾಳಗಳನ್ನು ಬಿಗಿದು ಒಳಗಿನ ಶಾಖ ಉಳಿಸಿಕೊಳ್ಳುತ್ತದೆ. ತೆಳು ಜಾಕೆಟ್ ತೊಟ್ಟು ದುಬಾರಿ ಗ್ಲೌಸ್ ಹಾಕಿಕೊಂಡವರ ಕೈ ತಣ್ಣಗಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಪೊರೆ ಇರುವ ದಪ್ಪ ಕೈಗವಸು

ವಾಟರ್‌ಪ್ರೂಫ್ ಎಂದ ಕೂಡಲೇ ಕಣ್ಣಿಗೆ ಬರುವುದು ಇದೇ. ಹೊರಗೆ ಒರಟು ಬಟ್ಟೆ, ಒಳಗೆ ಮೆತ್ತನೆಯ ಅಸ್ತರ, ಎರಡರ ನಡುವೆ ಕೈಯಾಕಾರದ ತೆಳು ಚೀಲದಂತೆ ಒಂದು ಪೊರೆ. ಈ ಪೊರೆಗಳಲ್ಲಿ ಹೆಸರುವಾಸಿ ಗೋರ್-ಟೆಕ್ಸ್. 1969ರಲ್ಲಿ ಬಾಬ್ ಗೋರ್ ಟೆಫ್ಲಾನ್ ವಸ್ತುವನ್ನು ಸರಕ್ಕನೆ ಎಳೆದಾಗ ಅದು ಸೂಕ್ಷ್ಮ ರಂಧ್ರಗಳ ಹಾಳೆಯಾಗಿ ಹಿಗ್ಗಿದ್ದು ಇದರ ಮೂಲ. ಆ ರಂಧ್ರದಲ್ಲಿ ನೀರಿನ ಹನಿ ತೂರದು, ಆವಿ ತೂರಬಲ್ಲದು. ಅಂಗೈ ಹ್ಯಾಂಡಲ್ ಮೇಲೆ ಒರಗಿದಾಗಲೂ ಪೊರೆ ತಡೆಯುತ್ತದೆಯೇ ಎಂಬ ಅನುಮಾನ ಹಲವರಿಗೆ. ಒಂದು ಅಂಗೈ ಮೇಲೆ ಹತ್ತು ಕಿಲೋ ಭಾರ, ಅದು ಮೂವತ್ತು ಚದರ ಸೆಂಟಿಮೀಟರಿನಲ್ಲಿ ಹರಡಿದೆ ಎಂದು ಲೆಕ್ಕ ಹಾಕಿದರೆ ಒತ್ತಡ ಸುಮಾರು 3,300 ಮಿಲಿಮೀಟರ್ ನೀರಿನ ಕಂಬಕ್ಕೆ ಸಮ. 10,000 ಮಿಲಿಮೀಟರ್ ತಾಳುವ ಪೊರೆಗೆ ಅದು ಕಷ್ಟವಲ್ಲ. ಚೀಟಿಯಲ್ಲಿ ಈ ಅಂಕಿ ಇದ್ದರೆ ನೋಡಿ, ಆದರೆ ಅದರ ಬೆನ್ನು ಹತ್ತಬೇಡಿ.

ತೊಂದರೆ ಇರುವುದು ಹೊರಬಟ್ಟೆಯಲ್ಲಿ. ಹೊಸದಿದ್ದಾಗ ಅದರ ಮೇಲೆ ನೀರು ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿ ಹೋಗುತ್ತದೆ. ಅದು ಬಟ್ಟೆಗೆ ಬಳಿದ ಲೇಪದ ಗುಣ. ಹ್ಯಾಂಡಲ್‌ಗೆ ಉಜ್ಜಿ ಉಜ್ಜಿ ಆ ಲೇಪ ಅಂಗೈಯಲ್ಲೂ ಬೆರಳ ಸಂದಿಯಲ್ಲೂ ಮೊದಲು ಸವೆಯುತ್ತದೆ. ಆಮೇಲೆ ಬಟ್ಟೆ ನೀರು ಕುಡಿಯುತ್ತದೆ. ನೀರಿನ ಆ ಹಾಳೆ ಪೊರೆಯ ಹೊರಬಾಗಿಲನ್ನು ಮುಚ್ಚುತ್ತದೆ, ಆವಿ ಹೊರಹೋಗದೆ ಒಳಗೇ ತಣಿದು ಹನಿಯಾಗುತ್ತದೆ. ನೀವು ಅದನ್ನು ಸೋರಿಕೆ ಎಂದುಕೊಳ್ಳುತ್ತೀರಿ.

ಈ ಬಗೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಅಸ್ತರ. ಒದ್ದೆ ಕೈ ಎಳೆದಾಗ ಅಗ್ಗದ ಕೈಗವಸಿನ ಅಸ್ತರ ಬೆರಳಿಗೆ ಅಂಟಿ ಹೊರಗೆ ಬರುತ್ತದೆ. ಬೆರಳ ಕೊಳವೆಗಳು ಒಳಗೆಲ್ಲೋ ಮುದುಡಿ ಕೂರುತ್ತವೆ. ಅವನ್ನು ಮತ್ತೆ ತಳದವರೆಗೆ ತಳ್ಳಲು ಒಮ್ಮೆ ಒಂದು ಮರದಡಿ ನಿಂತು ಪೆನ್ನಿನ ಹಿಂಬದಿಯಿಂದ ಒಂದೊಂದೇ ಬೆರಳನ್ನು ಚುಚ್ಚಿ ಚುಚ್ಚಿ ಸರಿಪಡಿಸಿದ್ದೇನೆ. ಅಷ್ಟರಲ್ಲಿ ಎರಡೂ ಕೈ ಕೆಂಪಗೆ ಮರಗಟ್ಟಿದ್ದವು. ಆದ್ದರಿಂದ ಅಂಗಡಿಯಲ್ಲಿ ಕೈಗವಸು ತೊಟ್ಟು, ನಡುಬೆರಳಿನ ತುದಿಯನ್ನು ಇನ್ನೊಂದು ಕೈಯಿಂದ ಹಿಡಿದು ಗಟ್ಟಿಯಾಗಿ ಎಳೆದು ನೋಡಿ. ಅಸ್ತರ ತುದಿಯಲ್ಲಿ ಹೊಲಿದಿದ್ದರೆ ಜಾಗ ಬಿಡುವುದಿಲ್ಲ. ಜಾರಿದರೆ ಅದನ್ನು ಅಲ್ಲಿಯೇ ಇಟ್ಟು ಬನ್ನಿ.

ಪೂರ್ತಿ ನೆಂದದ್ದು ಒಣಗಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಬೇಕು. ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 2ರಿಂದ 8 ಡಿಗ್ರಿಯ ಚಳಿ, ಬಿಟ್ಟು ಬಿಟ್ಟು ಬರುವ ಮಳೆ, ಒಂದೆರಡು ಗಂಟೆಯ ಸವಾರಿಗೆ ಇದು ಒಳ್ಳೆಯದು. ಬಿಡದೆ ಸುರಿಯುವ ಮಳೆಗೆ ಬೇಡ. ಇದು ದುಬಾರಿಯೂ ಹೌದು.

ತೆಳುವಾಗಿ ಹೆಣೆದದ್ದು

ಇದರಲ್ಲಿ ಹೊರಗಿನ ಹೆಣಿಗೆ, ಪೊರೆ, ಒಳಗಿನ ಹೆಣಿಗೆ ಮೂರನ್ನೂ ಒಂದಕ್ಕೊಂದು ಅಂಟಿಸಿರುತ್ತಾರೆ. ಅಸ್ತರ ಕಿತ್ತು ಬರುವ ಪ್ರಶ್ನೆಯೇ ಇಲ್ಲ, ಬ್ರೇಕ್ ಹಿಡಿತ ಬರಿಗೈಗೆ ಹತ್ತಿರ, ಒಣಗುವುದೂ ಬೇಗ. ಬೆಚ್ಚಗೆ ಇಡುವುದು ಮಾತ್ರ ಕಡಿಮೆ. 8 ಡಿಗ್ರಿಗಿಂತ ಮೇಲೆ ಸರಿ, ಕೆಳಗಾದರೆ ಒಳಗೊಂದು ತೆಳು ಉಣ್ಣೆಯದು ಬೇಕು, ಆಗ ಅಳತೆ ಬಿಗಿಯಾಗುತ್ತದೆ.

ನಿಯೋಪ್ರೀನ್

ನೀರಿಗಿಳಿಯುವವರು ತೊಡುವ ವೆಟ್‌ಸೂಟಿನ ಅದೇ ರಬ್ಬರ್ ನೊರೆ. ಒಳಗೆ ಲೆಕ್ಕವಿಲ್ಲದಷ್ಟು ಅನಿಲದ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಅವುಗಳಲ್ಲಿ ನೀರು ತುಂಬಲಾರದು. ಇದು ಕೈ ಒಣಗಿರುತ್ತದೆ ಎಂಬ ಆಸೆಯನ್ನೇ ಹುಟ್ಟಿಸುವುದಿಲ್ಲ. ಕೈ ಬೆವರುತ್ತದೆ, ಹೊಲಿಗೆಯ ತೂತಿನಿಂದ ಸ್ವಲ್ಪ ಮಳೆಯೂ ಬರಬಹುದು, ಆದರೆ ಒಳಗೆ ಸೇರಿದ ನೀರು ಅಲ್ಲಿಯೇ ನಿಂತು ಮೈಶಾಖಕ್ಕೆ ಬೆಚ್ಚಗಾಗುತ್ತದೆ. ಒದ್ದೆ ಇದ್ದರೂ ಬೆಚ್ಚಗೆ ಇಡುವ ಈ ಗುಣವನ್ನು ನಾನು ಬಹಳ ಗೌರವಿಸುತ್ತೇನೆ. ಮೂರು ಗಂಟೆ ಬಿಡದ ಮಳೆಯಲ್ಲಿ, 6-7 ಡಿಗ್ರಿಯಲ್ಲಿ, ದುಬಾರಿ ಪೊರೆ ಕೈಬಿಟ್ಟಾಗಲೂ ಇದು ಕೈಬಿಟ್ಟಿಲ್ಲ. ಬೆಲೆ ಸಾಮಾನ್ಯವಾಗಿ ಒಳ್ಳೆಯ ಪೊರೆ ಕೈಗವಸಿಗಿಂತ ಸಾಕಷ್ಟು ಕಡಿಮೆ.

ಆದರೆ ಮಿತಿಗಳಿವೆ. 12 ಡಿಗ್ರಿಗಿಂತ ಮೇಲೆ ಕೈ ಒಳಗೇ ಬೇಯುತ್ತದೆ. 3 ಡಿಗ್ರಿಗಿಂತ ಕೆಳಗೆ ನಿಯೋಪ್ರೀನ್ ಮೇಲೆ ಹೊದಿಸಿದ ಬಟ್ಟೆ ನೆಂದು, ಮೊದಲು ಹೇಳಿದ ಆವಿಯ ಕಾಟ ಶುರುವಾಗುತ್ತದೆ. ಮೇಲ್ಮೈ ಬಟ್ಟೆಯಿಲ್ಲದೆ ನುಣುಪಾಗಿರುವುದು ಆಗ ವಾಸಿ. 3 ಮಿಲಿಮೀಟರ್ ದಾಟಿದ ದಪ್ಪಕ್ಕೆ ಬ್ರೇಕ್ ಮಂಕಾಗುತ್ತದೆ. ತೊಳೆಯದಿದ್ದರೆ ವಾರದೊಳಗೆ ನಾರುತ್ತದೆ, ಆದ್ದರಿಂದ ಪ್ರತಿ ಸವಾರಿಯ ನಂತರ ಒಳಹೊರಗು ಮಾಡಿ ತಣ್ಣೀರಿನಲ್ಲಿ ಜಾಲಿಸಿ ನೇತುಹಾಕಬೇಕು. ರಬ್ಬರ್ ತಯಾರಿಕೆಯಲ್ಲಿ ಬಳಸುವ ಕೆಲವು ರಾಸಾಯನಿಕಗಳಿಗೆ ಕೆಲವರ ಚರ್ಮ ಒಗ್ಗುವುದಿಲ್ಲ. ತುರಿಕೆ ಎದ್ದರೆ ಹಠ ಮಾಡಬೇಡಿ, ಬಿಟ್ಟುಬಿಡಿ.

ಕಡಿಮೆ ಹಣದಲ್ಲಿ

ಸೈಕಲ್ ಅಂಗಡಿಯಿಂದ ಹೊರಗೂ ನೋಡಿ. ಮೀನುಗಾರರು, ಶೀತಲಗೃಹದಲ್ಲಿ ಕೆಲಸ ಮಾಡುವವರು ತೊಡುವ, ಒಳಗೆ ಮೆತ್ತೆಯಿರುವ ರಬ್ಬರ್ ಅಥವಾ ಪಾಲಿಯುರೆಥೇನ್ ಕೈಗವಸುಗಳು ನೀರನ್ನು ಸಂಪೂರ್ಣ ತಡೆಯುತ್ತವೆ. ಜಪಾನಿನ ಶೋವಾ ಕಂಪನಿಯ ಟೆಮ್‌ರೆಸ್ 282 ಇಂಥದ್ದು. ದುಡಿಮೆಗೆಂದು ಮಾಡಿದ ಅದನ್ನು ಹಿಮಗೋಡೆ ಹತ್ತುವವರೂ ಮೆಚ್ಚಿ ತೊಡುತ್ತಾರೆ. ಇವುಗಳ ಹೊರಮೈ ಹೀರುವುದಿಲ್ಲ, ಒಮ್ಮೆ ಕೊಡವಿದರೆ ಒಣಗಿತು. ಹೀಗಾಗಿ ಆವಿಯ ಕಾಟ ಬಹುಪಾಲು ಇಲ್ಲ. ಅಂಗೈಯಲ್ಲಿ ಮೆತ್ತೆಯಿಲ್ಲದಿರುವುದು, ಬೆರಳು ತುಸು ಡೊಗಳೆಯಾಗುವುದು ಇದರ ಕೊರತೆ.

ಇನ್ನೂ ಕಡಿಮೆ ಖರ್ಚಿನದೆಂದರೆ ತೆಳು ಉಣ್ಣೆಯ ಕೈಗವಸಿನ ಮೇಲೆ ಒಂದು ಅಳತೆ ದೊಡ್ಡದಾದ, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್. ನೋಡಲು ಚೆಂದವಿಲ್ಲ, ಕೆಲಸ ಅಚ್ಚುಕಟ್ಟು. ಮೆರಿನೋ ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸದು, ಹಾಗಾಗಿ ಒಳಗಿನ ಬೆವರನ್ನು ಅದು ಸುಧಾರಿಸಿಕೊಳ್ಳುತ್ತದೆ. ಒಂದು ಗಂಟೆಯೊಳಗಿನ ಸವಾರಿಗೆ ಈ ಜೋಡಿ ಹಲವು ದುಬಾರಿ ಗ್ಲೌಸ್‌ಗಳಿಗಿಂತ ಮೇಲು ಎಂಬುದು ನನ್ನ ಅನುಭವ. ರಬ್ಬರ್ ಹರಿದರೆ ಹೊಸದು ತರುವುದು ಕಷ್ಟವೇನಲ್ಲ.

ನಾಲ್ಕು ಬೆರಳ ಎರಡು ಜೋಡಿ, ಮತ್ತು ಹ್ಯಾಂಡಲ್ ಚೀಲ

ಬೆರಳುಗಳನ್ನು ಬೇರೆ ಬೇರೆ ಇಟ್ಟಷ್ಟೂ ಅವು ಬೇಗ ತಣಿಯುತ್ತವೆ. ಸೀಗಡಿ ಜಾತಿಯ ಲಾಬ್‌ಸ್ಟರ್‌ನ ಇಕ್ಕುಳದಂತೆ ಎರಡೆರಡು ಬೆರಳಿಗೆ ಒಂದು ಗೂಡು ಮಾಡಿದ ಕೈಗವಸು ಸೊನ್ನೆಯ ಆಸುಪಾಸಿನ ಚಳಿಗೆ ಒಳ್ಳೆಯದು. ಒಂದೇ ಬೆರಳಲ್ಲಿ ಬ್ರೇಕ್ ಹಿಡಿದು ರೂಢಿಯಾದವರು ಕೊಳ್ಳುವ ಮುನ್ನ ತಮ್ಮ ಸೈಕಲ್ ಮೇಲೆಯೇ ಪರೀಕ್ಷಿಸಲಿ.

ಹ್ಯಾಂಡಲ್‌ಗೆ ಕಟ್ಟುವ ಚೀಲದ ಬಗ್ಗೆ ಮಾತ್ರ ಸ್ವಲ್ಪ ಜೋರಾಗಿಯೇ ಹೇಳಬೇಕು. ನಿಯೋಪ್ರೀನ್ ಅಥವಾ ದಪ್ಪ ನೈಲಾನಿನ ಈ ಚೀಲ ಬ್ರೇಕ್, ಗೇರು, ಹಿಡಿಕೆ ಎಲ್ಲವನ್ನೂ ಮುಚ್ಚುತ್ತದೆ. ಕೈಯನ್ನು ಅದರೊಳಗೆ ತೂರಿಸಿದರೆ ಆಯಿತು. ಮಳೆಯೂ ಗಾಳಿಯೂ ಕೈಗೆ ತಾಗುವುದೇ ಇಲ್ಲ. ಒಳಗೆ ತೆಳು ಕೈಗವಸು ಸಾಕು, ಹಾಗಾಗಿ ಬ್ರೇಕಿನ ಸ್ಪರ್ಶ ಪೂರ್ತಿ ಸಿಗುತ್ತದೆ. ಬೆಚ್ಚಗೆ ಇಡುವುದೂ ಚುರುಕು ಉಳಿಸುವುದೂ ಒಂದಕ್ಕೊಂದು ವಿರುದ್ಧ ಎಂಬ ಹಳೆಯ ತಾಪತ್ರಯವನ್ನು ಬಿಡಿಸುವ ಉಪಾಯ ಇದೊಂದೇ. ಕೈಸನ್ನೆ ಮಾಡಿ ಮತ್ತೆ ಒಳಗೆ ತೂರಿಸಲು ಒಂದು ಕ್ಷಣ ಹೆಚ್ಚು ಬೇಕು. ಬಾಗಿದ ಹ್ಯಾಂಡಲ್‌ನಲ್ಲಿ ಕೈಯ ಜಾಗ ಬದಲಿಸುವುದಕ್ಕೆ ಅಡ್ಡಿ. ಎದುರುಗಾಳಿಗೆ ಸ್ವಲ್ಪ ತಡೆ. ಸೈಕಲ್ ನಿಲ್ಲಿಸಿ ನಡೆದರೆ ರಕ್ಷಣೆ ಅಲ್ಲೇ ಉಳಿಯುತ್ತದೆ. ಇವನ್ನು ಒಪ್ಪಿಕೊಳ್ಳಬಲ್ಲಿರಾದರೆ 5 ಡಿಗ್ರಿಗಿಂತ ಕೆಳಗಿನ ಮಳೆಗೆ ಇದಕ್ಕೆ ಸಮನಾದದ್ದು ನನಗೆ ಕಂಡಿಲ್ಲ. ಚಳಿಗೆ ಬೆರಳು ಬೆಳ್ಳಗೆ ತಿರುಗುವ ತೊಂದರೆ ಇರುವವರು ವೈದ್ಯರಿಗೆ ತೋರಿಸಿ, ಬೇರೆ ಯಾವ ಕೈಗವಸಿಗೂ ಹಣ ಹಾಕುವ ಮುನ್ನ ಇದನ್ನು ಕಟ್ಟಿಸಿಕೊಳ್ಳಲಿ.

ನಿಮಗೆ ಯಾವುದು

ದಿನವೂ ಅರ್ಧ ಗಂಟೆ ಹೋಗಿ ಬರುವವರಾದರೆ ರಾತ್ರಿಯೊಳಗೆ ಒಣಗುವುದನ್ನೇ ನೋಡಿ: ರಬ್ಬರ್ ಕೈಗವಸು ಅಥವಾ ಹ್ಯಾಂಡಲ್ ಚೀಲ. ರಜಾದಿನ ಮೂರು ನಾಲ್ಕು ಗಂಟೆ ತುಳಿಯುವವರಿಗೆ ನಾನು ಹೇಳುವುದು ಒಂದು ಜೊತೆ ನಿಯೋಪ್ರೀನ್, ಜೊತೆಗೆ ಬಿಗಿಯಾಗಿ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಇನ್ನೊಂದು ಒಣ ಜೊತೆ. ಒಂದು ದುಬಾರಿ ಜೊತೆಯ ಹಣವನ್ನು ಎರಡು ಸಾಧಾರಣ ಜೊತೆಗೆ ಹಂಚಿದರೆ ಎರಡನೇ ಗಂಟೆಯಲ್ಲಿ ಅದರ ಬೆಲೆ ತಿಳಿಯುತ್ತದೆ. ಮಳೆ ಅಪರೂಪ, ಚಳಿ ನಿತ್ಯ ಎನ್ನುವವರು ಮಾತ್ರ ಪೊರೆಯ ದಪ್ಪ ಕೈಗವಸಿಗೆ ಖರ್ಚು ಮಾಡಲಿ. 12 ಡಿಗ್ರಿಗಿಂತ ಮೇಲಿನ ಮಳೆಗೆ ವಾಟರ್‌ಪ್ರೂಫ್ ಬೇಕಾಗಿಯೇ ಇಲ್ಲ. ಗಾಳಿ ತಡೆಯುವ ಸಾಧಾರಣ ಕೈಗವಸು ನೆಂದರೂ ನೆನೆಯಲಿ.

ಯಾವುದನ್ನೇ ಕೊಂಡರೂ ಅಳತೆ ಬಿಗಿಯಾಗಬಾರದು. ಮುಷ್ಟಿ ಹಿಡಿದಾಗ ಬೆರಳತುದಿ ಒತ್ತಿದರೆ ರಕ್ತ ಓಡುವುದಿಲ್ಲ, ಒಳಗೆ ಬೆಚ್ಚನೆಯ ಗಾಳಿಗೂ ಜಾಗವಿರುವುದಿಲ್ಲ. ಹಾಗೆಂದು ತುದಿಯಲ್ಲಿ ಖಾಲಿ ಬಟ್ಟೆ ಜೋಲಾಡಿದರೆ ಅದು ಬ್ರೇಕ್ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಮಣಿಕಟ್ಟಿನ ಪಟ್ಟಿ ಜಾಕೆಟ್ ತೋಳಿನ ಒಳಗೆ ಹೋಗುವಷ್ಟು ತೆಳುವಾಗಿರಲಿ. ಸವಾರನ ತೋಳು ಕೆಳಮುಖವಾಗಿ ಹ್ಯಾಂಡಲ್ ಕಡೆಗೆ ಚಾಚಿರುತ್ತದೆ, ಮಳೆ ತೋಳಗುಂಟ ಕೈಗೇ ಇಳಿಯುತ್ತದೆ. ಪಟ್ಟಿ ತೋಳಿನ ಮೇಲಿದ್ದರೆ ಅದು ಆಲಿಕೆಯಂತೆ ಅಷ್ಟೂ ನೀರನ್ನು ಒಳಗೆ ಸುರಿಯುತ್ತದೆ. ಒಳಗಿದ್ದರೆ ನೀರು ಕೈಗವಸಿನ ಬೆನ್ನಿನ ಮೇಲೆ ಹರಿದು ಹೋಗುತ್ತದೆ. ಹಳೆಯ ಕೈಗವಸಿನ ಮೇಲೆ ಸಿಟ್ಟಿರುವವರು ಹೊಸದನ್ನು ಕೊಳ್ಳುವ ಮುನ್ನ ಮುಂದಿನ ಮಳೆಯಲ್ಲಿ ಇದೊಂದನ್ನು ಬದಲಿಸಿ ನೋಡಿ. ಮನೆಗೆ ಬಂದ ಮೇಲೆ ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ಒಳಗೆ ತುರುಕಿ, ಗಂಟೆಗೊಮ್ಮೆ ಉಂಡೆ ಬದಲಿಸಿ, ಬೆಂಕಿ ಅಥವಾ ಹೀಟರಿನಿಂದ ದೂರ, ಬೆರಳು ಮೇಲಾಗಿ ನಿಲ್ಲಿಸಿಡಿ.